ಫೆಸ್‌ನ ಹಳೇ ಮದೀನಾದಲ್ಲಿ ನಡೆಯುವುದು ಹೇಗೆ: ಇಳಿಜಾರು ಹಿಡಿದು ಎರಡು ದಿನ

ಉತ್ತರ ಆಫ್ರಿಕಾದ ಊರುಗಳಲ್ಲಿ ಕೋಟೆಗೋಡೆಯ ಒಳಗಿನ ಹಳೇ ಭಾಗಕ್ಕೆ ಮದೀನಾ ಅನ್ನುತ್ತಾರೆ. ಟ್ಯುನಿಸ್, ಕೈರವಾನ್, ಸೂಸ್, ಮರ್ರಾಕೆಶ್, ತೆತುವಾನ್ ಎಲ್ಲ ಕಡೆಯೂ ಒಂದೊಂದು ಮದೀನಾ ಇದೆ. ಅಲ್ಜೀರ್ಸ್‌ನಲ್ಲಿ ಅಂಥದ್ದೇ ಹಳೇ ಊರನ್ನು ಕಸ್ಬಾ ಅಂತ ಕರೆಯುತ್ತಾರೆ. ಇವುಗಳಲ್ಲಿ ಒಂದನ್ನು ಮಾತ್ರ ನೋಡಲು ಸಮಯ ಇದೆ ಅನ್ನುವವರಿಗೆ ನಾನು ಮೊರಾಕ್ಕೊದ ಫೆಸ್ ಊರಿಗೆ ಹೋಗಿ ಅನ್ನುತ್ತೇನೆ. ಅಲ್ಲಿ ಕೋಟೆಯೊಳಗಿನ ಓಣಿಗಳಲ್ಲಿ ಕಾರು ಓಡಾಡುವುದಿಲ್ಲ. ಸಾಮಾನು ಸಾಗಿಸುವುದು ಕತ್ತೆ, ಹೇಸರಗತ್ತೆ ಮತ್ತು ತಳ್ಳುಗಾಡಿ. ಮರ್ರಾಕೆಶ್‌ನ ಓಣಿಗಳಲ್ಲಿ ಸ್ಕೂಟರುಗಳಿಂದ ತಪ್ಪಿಸಿಕೊಳ್ಳುವುದೇ ದೊಡ್ಡ ಕೆಲಸ, ಇಲ್ಲಿ ಆ ಕಾಟ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಫೆಸ್‌ನ ಹಳೇ ಊರು ಇನ್ನೂ ಜನ ಬಾಳುವ ಊರು. ಚರ್ಮ ಹದ ಮಾಡುವವರು, ತಾಮ್ರ ಬಡಿಯುವವರು, ರೊಟ್ಟಿ ಸುಡುವವರು ಎಲ್ಲ ಅಲ್ಲೇ ದುಡಿಯುತ್ತಾರೆ. 1981ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಫೆಸ್ ಬಗ್ಗೆ ಓದಿದರೆ ಎಲ್ಲೆಲ್ಲೂ ಒಂದೇ ಸಲಹೆ ಸಿಗುತ್ತದೆ: ಓಣಿಗಳೊಳಗೆ ಸುಮ್ನೆ ಕಳೆದುಹೋಗಿ, ಅದೇ ಮಜಾ ಅಂತ. ನನಗೆ ಈ ಸಲಹೆ ಒಪ್ಪಿಗೆಯಿಲ್ಲ. ಈ ಊರು ಗೊತ್ತುಗುರಿ ಇಲ್ಲದೆ ಬೆಳೆದದ್ದಲ್ಲ. ನೀರು ಹರಿಯುವ ದಿಕ್ಕು, ಕಸುಬುಗಳು ಕೂತ ಜಾಗ, ಮನೆಗಳ ಮರ್ಯಾದೆ ಇವೆಲ್ಲಕ್ಕೂ ಒಂದು ಕ್ರಮ ಇದೆ. ಅದು ಗೊತ್ತಾದರೆ ನಕ್ಷೆ ಇಲ್ಲದೆಯೂ ನಡೆಯಬಹುದು, ನೋಡುತ್ತಿರುವುದು ಏನು ಅಂತ ಅರ್ಥವೂ ಆಗುತ್ತದೆ. ಈ ಲೇಖನ ಆ ಕ್ರಮವನ್ನು ಹಿಡಿದು ಎರಡು ದಿನ ನಡೆಯುವುದು ಹೇಗೆ ಅನ್ನುವುದರ ಬಗ್ಗೆ.

ಹೊರಡುವ ಮೊದಲು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೊರಾಕ್ಕೊಗೆ ವೀಸಾ ಬೇಕು. ನಿಯಮಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಟಿಕೆಟ್ ಮಾಡಿಸುವ ಮೊದಲೇ ಆ ದೇಶದ ಸರ್ಕಾರದ ಅಧಿಕೃತ ತಾಣವನ್ನೇ ನೋಡಿ. ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ದುಬೈ, ದೋಹಾದಂಥ ಗಲ್ಫ್ ಊರುಗಳಲ್ಲಿ ವಿಮಾನ ಬದಲಿಸಿ ಕಾಸಾಬ್ಲಾಂಕಾದಲ್ಲಿ ಇಳಿಯುತ್ತಾರೆ. ಅಲ್ಲಿಂದ ಫೆಸ್‌ಗೆ ರೈಲಿದೆ, ಸುಮಾರು ನಾಲ್ಕು ಗಂಟೆಯ ದಾರಿ. ಯುರೋಪಿನಲ್ಲಿ ಇರುವ ಕನ್ನಡಿಗರಿಗೆ ಇನ್ನೂ ಸುಲಭ. ಅಲ್ಲಿನ ಹಲವು ಊರುಗಳಿಂದ ಫೆಸ್‌ನ ಸಾಯಿಸ್ ವಿಮಾನ ನಿಲ್ದಾಣಕ್ಕೇ ನೇರ ವಿಮಾನ ಇದೆ.

ದಿರ್ಹಾಂ ಹಣವನ್ನು ಮೊರಾಕ್ಕೊದ ಹೊರಗೆ ಕೊಳ್ಳುವುದು ಕಷ್ಟ, ಹೊರಗೆ ತರುವುದಕ್ಕೂ ಮಿತಿ ಇದೆ. ರೂಪಾಯಿ ಅಲ್ಲಿ ನಡೆಯುವುದಿಲ್ಲ. ಯೂರೊ ಅಥವಾ ಡಾಲರ್ ಒಯ್ದು ಅಲ್ಲೇ ಬದಲಿಸಿಕೊಳ್ಳಿ, ಇಲ್ಲವೇ ಎಟಿಎಂನಲ್ಲಿ ತೆಗೆಯಿರಿ. ಓಣಿಯೊಳಗಿನ ಸಣ್ಣ ಅಂಗಡಿಗಳಲ್ಲಿ ಕಾರ್ಡು ನಡೆಯುವುದು ಕಡಿಮೆ, ಆದ್ದರಿಂದ ಚಿಲ್ಲರೆ ಜಾಸ್ತಿ ಇಟ್ಟುಕೊಳ್ಳಿ. ಡ್ರೋನ್ ಒಯ್ಯಬೇಡಿ. ಅದನ್ನು ದೇಶದೊಳಗೆ ಬಿಡುವುದಿಲ್ಲ, ಕಸ್ಟಮ್ಸ್‌ನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುವುದುಂಟು. ಚಳಿಗಾಲದಲ್ಲಿ ಮಳೆ ಬೀಳುತ್ತದೆ, ಹಳೇ ಮನೆಗಳ ಒಳಗೆ ನಮ್ಮವರು ನಿರೀಕ್ಷಿಸದಷ್ಟು ಚಳಿ ಇರುತ್ತದೆ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಹೋಟೆಲುಗಳು ಬಹುಪಾಲು ಮುಚ್ಚಿರುತ್ತವೆ, ಸಂಜೆ ಉಪವಾಸ ಬಿಡುವ ಹೊತ್ತಿಗೆ ಬೀದಿಗಳು ಪೂರ್ತಿ ಖಾಲಿಯಾಗುತ್ತವೆ. ಇನ್ನೊಂದು ಮಾತು, ಶುಕ್ರವಾರ ಹೆಚ್ಚಿನ ಅಂಗಡಿಗಳು ತೆರೆದಿರುವುದಿಲ್ಲ. ನಿಮ್ಮ ಎರಡು ದಿನಗಳಲ್ಲಿ ಶುಕ್ರವಾರ ಬರದಂತೆ ನೋಡಿಕೊಂಡರೆ ಒಳ್ಳೆಯದು.

ಉಳಿಯುವ ಜಾಗ: ಗೋಡೆಯೊಳಗೆ, ಬಾಗಿಲ ಹತ್ತಿರ

ಹಳೇ ಊರಿನೊಳಗೆ ಎಷ್ಟೋ ಹಳೇ ಮನೆಗಳನ್ನು ತಂಗುವ ಮನೆಗಳಾಗಿ ಮಾಡಿದ್ದಾರೆ. ನಡುವೆ ತೋಟ ಇದ್ದರೆ ರಿಯಾದ್, ಬರೀ ಅಂಗಳ ಇದ್ದರೆ ದಾರ್. ಇಂಥದ್ದರಲ್ಲೇ ಉಳಿಯಿರಿ. ಹೊರಗಿನ ಹೊಸ ಊರಿನ ಹೋಟೆಲಿನಲ್ಲಿ ಇಳಿದರೆ ಬೆಳಗಿನ ಜಾವದ ಓಣಿ ನಿಮಗೆ ಸಿಗುವುದೇ ಇಲ್ಲ.

ಆದರೆ ಒಂದು ಎಚ್ಚರ. ಟ್ಯಾಕ್ಸಿ ನಿಲ್ಲುವುದು ಕೋಟೆ ಬಾಗಿಲಿನಲ್ಲಿ, ಇಲ್ಲವೇ ವಾಹನ ಬರುವ ಒಂದೆರಡು ಚೌಕಗಳಲ್ಲಿ. ಅಲ್ಲಿಂದ ಮುಂದೆ ಕಾಲ್ನಡಿಗೆ. ಬಾಗಿಲಿನಿಂದ ಹತ್ತು ನಿಮಿಷದೊಳಗೆ ಸಿಗುವ ಮನೆಯನ್ನೇ ಆರಿಸಿ. ಬೂ ಜ್ಲೂದ್ ಬಾಗಿಲು, ಬತ್ಹಾ ಚೌಕ, ರ್ಸೀಫ್ ಚೌಕ ಈ ಮೂರರಲ್ಲಿ ಒಂದರ ಹತ್ತಿರ ಇದ್ದರೆ ಅನುಕೂಲ. ಮೊದಲ ಸಲ ಬಾಗಿಲ ಹತ್ತಿರ ಬಂದು ಕರೆದುಕೊಂಡು ಹೋಗಲು ಮನೆಯವರಿಗೇ ಮುಂಚೆ ಹೇಳಿ. ಗಾಲಿ ಸೂಟ್‌ಕೇಸಿಗಿಂತ ಬೆನ್ನಿಗೆ ಹಾಕುವ ಚೀಲ ಮೇಲು. ಓಣಿಗಳು ಕಲ್ಲುಹಾಸು, ನಡುನಡುವೆ ಮೆಟ್ಟಿಲು. ಸಾಮಾನು ಭಾರ ಇದ್ದರೆ ಬಾಗಿಲ ಹತ್ತಿರ ತಳ್ಳುಗಾಡಿಯವರು ಇರುತ್ತಾರೆ. ಬಾಡಿಗೆ ಮೊದಲೇ ಮಾತಾಡಿಕೊಳ್ಳಿ.

ಒಳಗೆ ಕಾಲಿಟ್ಟಾಗ ಮನೆಯ ಪ್ರವೇಶವನ್ನು ಗಮನಿಸಿ. ಬೀದಿಯ ಕಡೆ ಬರೀ ಗೋಡೆ, ಒಂದು ಬಾಗಿಲು, ಎತ್ತರದಲ್ಲಿ ಒಂದೆರಡು ಸಣ್ಣ ಕಿಟಕಿ. ಬಾಗಿಲು ತೆರೆದರೂ ಒಳಗೇನೂ ಕಾಣುವುದಿಲ್ಲ, ದಾರಿ ಒಂದು ಕಡೆ ತಿರುಗುತ್ತದೆ. ತಿರುಗಿದ ಮೇಲೆ ಆಕಾಶಕ್ಕೆ ತೆರೆದ ಅಂಗಳ. ನಮ್ಮ ತೊಟ್ಟಿ ಮನೆಯಲ್ಲಿ ಬೆಳಕು, ಗಾಳಿ ಎರಡೂ ನಡುಮನೆಯಿಂದಲೇ ಬರುವ ಹಾಗೆ ಇಲ್ಲೂ ಬರುತ್ತವೆ. ವ್ಯತ್ಯಾಸ ಇಷ್ಟೇ, ಇಲ್ಲಿ ಬೀದಿ ಕಡೆ ಜಗಲಿ ಇಲ್ಲ. ಮನೆಯ ಸಿರಿ ಬೀದಿಯಲ್ಲಿ ಹೋಗುವವರಿಗೆ ಕಾಣಬಾರದು ಅನ್ನುವುದು ಇಲ್ಲಿನ ರೀತಿ. ಶ್ರೀಮಂತನ ಬಾಗಿಲೂ ಬಡವನ ಬಾಗಿಲೂ ಹೊರಗಿನಿಂದ ಹೆಚ್ಚು ಕಡಿಮೆ ಒಂದೇ ಥರ.

ನಡೆಯುವ ಮೊದಲು ಮೂರು ವಿಷಯ ತಿಳಿದಿರಲಿ

ಮೊದಲನೆಯದು ಇಳಿಜಾರು. ಫೆಸ್ ಹುಟ್ಟಿದ್ದೇ ನೀರಿನ ಸಲುವಾಗಿ. 8ನೇ ಶತಮಾನದ ಕೊನೆಗೆ ದೊರೆ ಮೊದಲನೇ ಇದ್ರಿಸ್ ನದಿಯ ಒಂದು ದಡದಲ್ಲಿ ಊರು ಕಟ್ಟಿದ, ಅವನ ಮಗ ಎರಡನೇ ಇದ್ರಿಸ್ 9ನೇ ಶತಮಾನದ ಮೊದಲಲ್ಲಿ ಎದುರು ದಡದಲ್ಲಿ ಇನ್ನೊಂದು ಕಟ್ಟಿದ. ಸ್ಪೇನಿನ ಕೊರ್ಡೊಬಾದಲ್ಲಿ 818ರಲ್ಲಿ ದಂಗೆ ಆಗಿ ಓಡಿಬಂದವರು ಒಂದು ದಡದಲ್ಲಿ ನೆಲೆಸಿದರು. ಟ್ಯುನಿಸಿಯಾದ ಕೈರವಾನ್‌ನಿಂದ ಬಂದವರು ಇನ್ನೊಂದರಲ್ಲಿ. ಇವತ್ತಿಗೂ ಒಂದಕ್ಕೆ ಅಂದಲೂಸಿಗಳ, ಅಂದರೆ ಸ್ಪೇನಿನಿಂದ ಬಂದವರ ದಡ, ಇನ್ನೊಂದಕ್ಕೆ ಕರವಿಯ್ಯೀನ್, ಅಂದರೆ ಕೈರವಾನಿನವರ ದಡ ಅನ್ನುತ್ತಾರೆ. 11ನೇ ಶತಮಾನದಲ್ಲಿ ಅಲ್ಮೊರಾವಿದ್ ದೊರೆ ಯೂಸುಫ್ ಇಬ್ನ್ ತಾಶ್ಫೀನ್ ಎರಡನ್ನೂ ಒಂದೇ ಗೋಡೆಯೊಳಗೆ ತಂದ.

ಪಶ್ಚಿಮದ ಎತ್ತರದಿಂದ ಬರುವ ನೀರನ್ನು ಕಾಲುವೆಗಳಲ್ಲಿ ಹಂಚಿ ಮಸೀದಿ, ಸ್ನಾನದ ಮನೆ, ಕಾರಂಜಿ, ಕಾರ್ಖಾನೆ, ಮನೆಗಳಿಗೆ ಹರಿಸಿದರು. ನಿಮಗೆ ಇದರಿಂದ ಆಗುವ ಉಪಯೋಗ ಏನು ಅಂದರೆ, ದಾರಿಗಳೂ ಅದೇ ಇಳಿಜಾರಿನಲ್ಲಿವೆ. ಬೂ ಜ್ಲೂದ್ ಬಾಗಿಲು ಮೇಲೆ, ಕರವಿಯ್ಯೀನ್ ಮಸೀದಿ ಮತ್ತು ನದಿ ಕೆಳಗೆ. ದಾರಿ ಗೊತ್ತಾಗದಿದ್ದಾಗ ಇಳಿಯುತ್ತಾ ಹೋದರೆ ಊರಿನ ನಡುಭಾಗ ಸಿಗುತ್ತದೆ, ಹತ್ತುತ್ತಾ ಹೋದರೆ ಬಾಗಿಲು ಸಿಗುತ್ತದೆ. ಓಣಿಗಳು ಕಿರಿದು, ಗೋಡೆಗಳು ಎತ್ತರ, ಹೀಗಾಗಿ ಫೋನಿನ ಜಿಪಿಎಸ್ ತಪ್ಪು ತೋರಿಸುವುದು ಇಲ್ಲಿ ಮಾಮೂಲು. ಕಾಲಿಗೆ ತಿಳಿಯುವ ಇಳಿಜಾರು ಅದಕ್ಕಿಂತ ನಂಬಿಕೆಯದು.

ಎರಡನೆಯದು ಓಣಿಯ ಜಾತಿ. ಅಂಗಡಿ ಇರುವ ಬೀದಿ ಎಲ್ಲರದು. ಅಲ್ಲಿಂದ ಕವಲೊಡೆದು ಒಳಗೆ ಹೋಗುವ ಸಣ್ಣ ಓಣಿಗೆ ದರ್ಬ್ ಅನ್ನುತ್ತಾರೆ. ಅದು ಕೆಲವು ಮನೆಗಳಿಗೆ ಮಾತ್ರ ಹೋಗುವ ದಾರಿ, ಕೊನೆಯಲ್ಲಿ ಮುಚ್ಚಿರುತ್ತದೆ. ಅಂಗಡಿಗಳು ನಿಂತು, ಓಣಿ ಕಿರಿದಾಗಿ, ಮಕ್ಕಳು ಆಡುತ್ತಿದ್ದು, ಬಾಗಿಲುಗಳು ಮಾತ್ರ ಕಂಡರೆ ನೀವು ದರ್ಬ್ ಒಳಗಿದ್ದೀರಿ. ಅದು ಒಂದು ರೀತಿ ಆ ಮನೆಗಳ ಅಂಗಳವೇ. ತಿರುಗಿ ಬನ್ನಿ. ಕ್ಯಾಮೆರಾ ಒಳಗಿಡಿ.

ಮೂರನೆಯದು ಕೇರಿ. ಒಂದೊಂದು ಕೇರಿಗೂ ತನ್ನದೇ ಮಸೀದಿ, ಕಾರಂಜಿ, ಹಮ್ಮಾಮ್ ಅನ್ನುವ ಸ್ನಾನದ ಮನೆ, ರೊಟ್ಟಿ ಸುಡುವ ಒಲೆಮನೆ, ಮಕ್ಕಳು ಕುರಾನ್ ಕಲಿಯುವ ಶಾಲೆ. ಈ ಐದನ್ನು ಗುರುತಿಸಲು ಕಲಿತರೆ ಕೇರಿ ಬದಲಾದದ್ದು ತಾನೇ ಗೊತ್ತಾಗುತ್ತದೆ. ಒಲೆಮನೆ ಮತ್ತು ಹಮ್ಮಾಮ್ ಎಷ್ಟೋ ಕಡೆ ಅಕ್ಕಪಕ್ಕ. ಬೆಳಗ್ಗೆ ಹಲಗೆಯ ಮೇಲೆ ನಾದಿದ ಹಿಟ್ಟಿನ ರೊಟ್ಟಿಗಳನ್ನಿಟ್ಟುಕೊಂಡು ಮಕ್ಕಳು ಹೋಗುತ್ತಿರುತ್ತಾರೆ. ಮನೆಯಲ್ಲಿ ನಾದಿ, ಕೇರಿಯ ಒಲೆಯಲ್ಲಿ ಸುಡಿಸಿ ತರುವುದು ಇಲ್ಲಿನ ಹಳೇ ಪದ್ಧತಿ.

ಮೊದಲ ದಿನ ಬೆಳಗ್ಗೆ: ದೊಡ್ಡ ಏರುದಾರಿಯಲ್ಲಿ ಕೆಳಗಿಳಿಯಿರಿ

ಎಂಟೂವರೆ, ಒಂಬತ್ತಕ್ಕೆ ಬೂ ಜ್ಲೂದ್ ಬಾಗಿಲಿಗೆ ಬನ್ನಿ. ಹೊರಮುಖಕ್ಕೆ ನೀಲಿ ಹೆಂಚು, ಒಳಮುಖಕ್ಕೆ ಹಸಿರು. ಫೋಟೊಗಳಲ್ಲಿ ಇದನ್ನು ನೋಡಿದವರು ಬಹಳ ಹಳೆಯದು ಅಂದುಕೊಳ್ಳುತ್ತಾರೆ, ಆದರೆ ಈ ಬಾಗಿಲು ಕಟ್ಟಿದ್ದು 1913ರಲ್ಲಿ, ಫ್ರೆಂಚರ ಆಳ್ವಿಕೆ ಶುರುವಾದ ಮೇಲೆ. ಹಳೇ ಬಾಗಿಲು ಪಕ್ಕದಲ್ಲೇ ಇದೆ. ಗೋಡೆಯ ಕಡೆಗೂ ಸ್ವಲ್ಪ ನೋಡಿ. ಈಗ ಇರುವ ಕೋಟೆಗೋಡೆಯ ಬಹುಭಾಗ 12 ಮತ್ತು 13ನೇ ಶತಮಾನದ ಅಲ್ಮೊಹದ್ ದೊರೆಗಳ ಕಾಲದ್ದು, ಮಣ್ಣು ಸುಣ್ಣ ಕಲಸಿ ಬಡಿದು ಕಟ್ಟಿದ್ದು. ಅದರ ಮೈತುಂಬ ಸಾಲು ಸಾಲು ತೂತುಗಳಿವೆ. ಅವು ಗುಂಡು ಹಾರಿಸಲು ಮಾಡಿದವಲ್ಲ. ಕಟ್ಟುವಾಗ ಅಟ್ಟಣಿಗೆಯ ಮರ ಸಿಕ್ಕಿಸಿದ ಜಾಗಗಳು.

ಬಾಗಿಲು ದಾಟಿದರೆ ಎರಡು ದಾರಿ. ಎಡಕ್ಕೆ ತಲಆ ಕಬೀರಾ, ಅಂದರೆ ದೊಡ್ಡ ಏರುದಾರಿ. ಬಲಕ್ಕೆ ತಲಆ ಸಗೀರಾ, ಅಂದರೆ ಸಣ್ಣ ಏರುದಾರಿ. ಎರಡೂ ಕೆಳಗಿಳಿದು ಊರಿನ ನಡುಭಾಗದ ಕಡೆಗೇ ಹೋಗುತ್ತವೆ. ಎಡದ್ದರಲ್ಲಿ ಇಳಿಯಿರಿ, ಬಲದ್ದರಲ್ಲಿ ಹತ್ತಿ ವಾಪಸ್ ಬನ್ನಿ. ನಿಲ್ಲದೆ ನಡೆದರೆ ಕರವಿಯ್ಯೀನ್‌ಗೆ ಅರ್ಧ ಗಂಟೆ ಸಾಕು. ಆದರೆ ನೀವು ಇಡೀ ಬೆಳಗ್ಗೆ ಇದಕ್ಕೇ ಕೊಡಬೇಕು.

ಮೊದಲು ಸಿಗುವುದು ಬೂ ಇನಾನಿಯಾ ಮದ್ರಸಾ. ಮರೀನಿದ್ ದೊರೆ ಅಬು ಇನಾನ್ 1350ರಿಂದ 1355ರ ನಡುವೆ ಕಟ್ಟಿಸಿದ ವಿದ್ಯಾಲಯ. ಮುಸ್ಲಿಮರಲ್ಲದವರೂ ಟಿಕೆಟ್ ಪಡೆದು ಒಳಗೆ ಹೋಗಬಹುದು. ಅಂಗಳದಲ್ಲಿ ನಿಂತು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗೆ ಜೆಲ್ಲೀಜ್ ಅನ್ನುವ ಬಣ್ಣದ ಹೆಂಚಿನ ಕೆಲಸ, ನಡುವೆ ಕೆತ್ತಿದ ಗಾರೆ, ಮೇಲೆ ದೇವದಾರು ಮರ. ಮೈ ಕೈ ತಾಗುವಲ್ಲಿ ಗಟ್ಟಿ ಹೆಂಚು, ಕೈಗೆ ಎಟುಕದಲ್ಲಿ ನಾಜೂಕು ಗಾರೆ, ಮಾಡನ್ನು ಹೊರುವಲ್ಲಿ ಮರ. ಜೆಲ್ಲೀಜ್ ಚೂರುಗಳನ್ನು ಒಂದೊಂದಾಗಿ ಉಳಿಯಿಂದ ಕಡಿದು, ಬಣ್ಣದ ಮುಖ ಕೆಳಗೆ ಮಾಡಿ ಜೋಡಿಸುತ್ತಾರೆ. ಅಂದರೆ ಕೆಲಸಗಾರನಿಗೆ ಚಿತ್ರ ಕಾಣುವುದಿಲ್ಲ, ಲೆಕ್ಕ ಮಾತ್ರ ತಲೆಯಲ್ಲಿರಬೇಕು. ಇದನ್ನು ತಿಳಿದು ನೋಡಿದರೆ ಆ ಗೋಡೆಯ ಮುಂದೆ ನಿಲ್ಲುವ ಹೊತ್ತು ತಾನೇ ಜಾಸ್ತಿ ಆಗುತ್ತದೆ.

ನಮಗೆ ಈ ದೊರೆಯ ಹೆಸರಿನ ಜೊತೆ ಇನ್ನೊಂದು ನಂಟಿದೆ. ಲೋಕ ಸುತ್ತಿ ಬಂದ ಇಬ್ನ್ ಬತೂತಾ ಕೊನೆಗೆ ಫೆಸ್‌ಗೆ ಬಂದು ನಿಂತಾಗ, ನೀನು ಕಂಡದ್ದನ್ನೆಲ್ಲ ಹೇಳಿ ಬರೆಸು ಅಂತ ಅಪ್ಪಣೆ ಮಾಡಿದವನು ಇದೇ ಅಬು ಇನಾನ್. ಆ ಬರವಣಿಗೆ ಮುಗಿದದ್ದೂ 1355ರಲ್ಲೇ. ಅದರಲ್ಲಿ ಹೊನ್ನಾವರ ಬರುತ್ತದೆ, ಬಾರ್ಕೂರು ಬರುತ್ತದೆ, ಮಂಗಳೂರು ಬರುತ್ತದೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆ ಅಂತ ಅವನು ಹೇಳಿದ್ದಾನೆ. ನಮ್ಮ ಕರಾವಳಿಯ ಬಗ್ಗೆ ಸಿಗುವ ಆ ಕಾಲದ ಅಪರೂಪದ ಮಾತುಗಳು ಕಾಗದಕ್ಕೆ ಇಳಿದದ್ದು ಈ ಊರಿನಲ್ಲಿ. ಕನ್ನಡದವರು ಇಲ್ಲಿ ನಿಂತಾಗ ಇದನ್ನು ನೆನೆಯಬೇಕು.

ಮದ್ರಸಾದ ಎದುರು ಬೀದಿಯಲ್ಲಿ ತಲೆ ಎತ್ತಿದರೆ ಸಾಲು ಕಿಟಕಿ, ಕೆಳಗೆ ಹೊರಚಾಚಿದ ಮರದ ತೊಲೆಗಳು ಕಾಣುತ್ತವೆ. 1357ರ ನೀರಿನ ಗಡಿಯಾರದ ಮನೆ ಅದು. ಗಂಟೆಗೊಂದು ಗುಂಡು ಹಿತ್ತಾಳೆ ಬಟ್ಟಲಿಗೆ ಬೀಳುತ್ತಿತ್ತಂತೆ. ಈಗ ನಿಂತುಹೋಗಿದೆ.

ಕಸುಬುಗಳ ಸಾಲು ಓದುತ್ತಾ ನಡೆಯುವುದು

ಇಲ್ಲಿಂದ ಕೆಳಗೆ ನಿಮ್ಮ ದಾರಿ ತೋರುವುದು ಅಂಗಡಿಗಳೇ. ಈ ಊರುಗಳಲ್ಲಿ ಒಂದು ಕಸುಬಿನವರು ಒಂದೇ ಕಡೆ ಕೂರುತ್ತಾರೆ. ದೊಡ್ಡ ಮಸೀದಿಯ ಹತ್ತಿರ ಶುಚಿಯಾದ, ಬೆಲೆಬಾಳುವ ಸರಕು: ಸುಗಂಧ, ಮಸಾಲೆ, ಮೇಣದ ಬತ್ತಿ, ಪುಸ್ತಕ, ರೇಷ್ಮೆ. ಹೊರಕ್ಕೆ ಹೋದಂತೆ ಹೊಗೆ, ವಾಸನೆ, ಸದ್ದಿನ ಕೆಲಸಗಳು. ಚರ್ಮದವರು, ಬಣ್ಣದವರು ನದಿಯ ಪಕ್ಕ. ಕುಂಬಾರರು ಬಾಗಿಲ ಆಚೆ. ಸಾಲಿನಲ್ಲಿ ಮಸಾಲೆ, ಸುಗಂಧ ಕಂಡರೆ ಮಸೀದಿ ಹತ್ತಿರ ಬಂತು ಅಂತ ತಿಳಿಯಬೇಕು.

ದಾರಿಯಲ್ಲಿ ಚಪ್ಪಲಿ ಹೊಲಿಯುವವರ ಸಾಲು ಬರುತ್ತದೆ, ಆಮೇಲೆ ಅತ್ತಾರೀನ್ ಅನ್ನುವ ಸುಗಂಧದ ಸಾಲು. ಅದರ ಶುರುವಿನಲ್ಲೇ ಬಲಕ್ಕೆ ಗೋರಂಟಿ ಮಾರುವ ಪುಟ್ಟ ಚೌಕ. ಅದರ ಪಕ್ಕ 1286ರಲ್ಲಿ ಕಟ್ಟಿದ ಸೀದಿ ಫ್ರೇಜ್ ಆಸ್ಪತ್ರೆ ಇತ್ತು, ಮನೋರೋಗಿಗಳನ್ನೂ ಅಲ್ಲಿ ನೋಡಿಕೊಳ್ಳುತ್ತಿದ್ದರು. ಹತ್ತಿರದಲ್ಲೇ ನಜ್ಜಾರೀನ್, ಅಂದರೆ ಬಡಗಿಗಳ ಚೌಕ. ಅಲ್ಲಿನ ಮೂರಂತಸ್ತಿನ ಫುಂದುಕ್, ಅಂದರೆ ವ್ಯಾಪಾರಿಗಳ ಛತ್ರ, 18ನೇ ಶತಮಾನದ್ದು. ಕೆಳಗೆ ಪ್ರಾಣಿ ಮತ್ತು ಸರಕು, ಮೇಲೆ ದೂರದಿಂದ ಬಂದ ವ್ಯಾಪಾರಿಗಳ ಕೋಣೆ. ಈಗ ಅದು ಮರಗೆಲಸದ ಸಂಗ್ರಹಾಲಯ. ಒಂದನ್ನೇ ಒಳಗೆ ಹೋಗಿ ನೋಡುವುದಾದರೆ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಊರು ವ್ಯಾಪಾರದಿಂದ ಹೇಗೆ ಬದುಕಿತು ಅಂತ ಈ ಕಟ್ಟಡದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳುವುದಿಲ್ಲ.

ಊರು ಕಟ್ಟಿದ ಎರಡನೇ ಇದ್ರಿಸನ ಸಮಾಧಿ ಇಲ್ಲೇ ಪಕ್ಕದಲ್ಲಿದೆ. ಅದಕ್ಕೆ ಹೋಗುವ ಓಣಿಗೆ ಅಡ್ಡಲಾಗಿ ಒಂದು ಮರದ ತೊಲೆ ಇದೆ. ಪ್ರಾಣಿಗಳು ಅದನ್ನು ದಾಟುವಂತಿಲ್ಲ. ಹಿಂದೆ ಮುಸ್ಲಿಮರಲ್ಲದವರೂ ದಾಟುವಂತಿರಲಿಲ್ಲ. ಈಗ ಓಣಿಯಲ್ಲಿ ಓಡಾಡಬಹುದು, ಸಮಾಧಿಯ ಒಳಗೆ ಹೋಗುವುದು ಮಾತ್ರ ಮುಸ್ಲಿಮರಿಗಷ್ಟೇ.

ಕರವಿಯ್ಯೀನ್ ಮಸೀದಿಗೂ ಇದೇ ನಿಯಮ. 859ರಲ್ಲಿ ಫಾತಿಮಾ ಅಲ್-ಫಿಹ್ರಿ ಅನ್ನುವ ಹೆಣ್ಣುಮಗಳು ತನ್ನ ಪಿತ್ರಾರ್ಜಿತದ ಹಣದಿಂದ ಕಟ್ಟಿಸಿದಳು ಅನ್ನುವುದು ಪರಂಪರೆಯ ಮಾತು. ಮುಂದೆ ಇದು ದೊಡ್ಡ ವಿದ್ಯಾಕೇಂದ್ರ ಆಯಿತು. ಮುಸ್ಲಿಮರಲ್ಲದವರು ಬಾಗಿಲಲ್ಲಿ ನಿಂತು ಅಂಗಳವನ್ನು ನೋಡಬಹುದು. ಪ್ರಾರ್ಥನೆಗೆ ಜನ ಬರುವ ಹೊತ್ತಿನಲ್ಲಿ ಬಾಗಿಲು ತೆರೆದಿರುತ್ತದೆ, ಆದರೆ ಅವರ ದಾರಿಗೆ ಅಡ್ಡ ನಿಲ್ಲಬೇಡಿ, ಪ್ರಾರ್ಥಿಸುವವರ ಫೋಟೊ ತೆಗೆಯಬೇಡಿ. ಒಳಗೆ ಬಿಡಲಿಲ್ಲ ಅಂತ ಬೇಜಾರಾದರೆ ಪಕ್ಕದ ಅತ್ತಾರೀನ್ ಮದ್ರಸಾಕ್ಕೆ ಹೋಗಿ. 1325ರಲ್ಲಿ ಮುಗಿದ ಕಟ್ಟಡ, ಬೂ ಇನಾನಿಯಾಕ್ಕಿಂತ ಚಿಕ್ಕದು. ನನ್ನ ಮಟ್ಟಿಗೆ ಅದಕ್ಕಿಂತ ಚೆಂದ. ಮೇಲಿನ ವಿದ್ಯಾರ್ಥಿ ಕೋಣೆಗಳನ್ನೂ ನೋಡಲು ಬಿಡುವುದಿದೆ. ಎಷ್ಟು ಸಣ್ಣ ಜಾಗದಲ್ಲಿ ಇದ್ದು ಓದಿದರು ಅಂತ ಆಶ್ಚರ್ಯ ಆಗುತ್ತದೆ.

ಮಸೀದಿಯ ಹಿಂಬದಿಗೆ ಸುತ್ತಿ ಹೋದರೆ ಸಫ್ಫಾರೀನ್ ಚೌಕ. ಇಲ್ಲಿ ತಾಮ್ರ ಬಡಿಯುವ ಸದ್ದು. ಮಸೀದಿ ಪಕ್ಕದಲ್ಲೇ ಇಷ್ಟು ಗಲಾಟೆಯ ಕೆಲಸ ಹೇಗೆ ಅಂತ ಕೇಳಬಹುದು. ಮೇಲೆ ಹೇಳಿದ ಕ್ರಮಕ್ಕೆ ಇದೊಂದು ಅಪವಾದ. ಮದುವೆ, ಸಮಾರಂಭಗಳಿಗೆ ಬಾಡಿಗೆಗೆ ಕೊಡುವ ದೊಡ್ಡ ದೊಡ್ಡ ಹಂಡೆಗಳನ್ನು ನೋಡಿ. ಒಂದು ಟೀ ಕುಡಿದು ಅರ್ಧ ಗಂಟೆ ಕೂರಲು ಊರಿನಲ್ಲೇ ಒಳ್ಳೆಯ ಜಾಗ ಇದು. ಚೌಕದಲ್ಲಿ ಕರವಿಯ್ಯೀನ್ ಗ್ರಂಥಾಲಯದ ಬಾಗಿಲೂ ಇದೆ. ಇತ್ತೀಚೆಗೆ ಅದನ್ನು ದುರಸ್ತಿ ಮಾಡಿದವರು ಫೆಸ್‌ನವರೇ ಆದ ವಾಸ್ತುಶಿಲ್ಪಿ ಅಜೀಜಾ ಶೌನಿ.

ಚರ್ಮದ ಹೊಂಡಗಳು: ಹೋಗುವ ರೀತಿ

ಶುವಾರಾ ಅನ್ನುವ ಚರ್ಮ ಹದ ಮಾಡುವ ಜಾಗಕ್ಕೆ ಎಲ್ಲರೂ ಹೋಗುತ್ತಾರೆ. ಮೇಲಿನಿಂದ ಬಣ್ಣಬಣ್ಣದ ಕಲ್ಲಿನ ಹೊಂಡಗಳ ಫೋಟೊ ತೆಗೆದು ಹೊರಡುತ್ತಾರೆ. ಅಲ್ಲಿ ಏನು ನಡೆಯುತ್ತಿದೆ ಅಂತ ತಿಳಿದುಕೊಂಡು ನೋಡಿ. ಬಿಳಿ ಹೊಂಡಗಳು ಮೊದಲ ಹಂತ. ಸುಣ್ಣ ಮೊದಲಾದವು ಕಲಸಿದ ನೀರಲ್ಲಿ ಚರ್ಮ ಕೆಲವು ದಿನ ನೆನೆದು ಕೂದಲು ಬಿಡುತ್ತದೆ. ಆಮೇಲೆ ಪಾರಿವಾಳದ ಹಿಕ್ಕೆ ಬೆರೆಸಿದ ನೀರು. ಅದರಲ್ಲಿನ ಅಮೋನಿಯಾ ಚರ್ಮವನ್ನು ಮೆತ್ತಗೆ ಮಾಡುತ್ತದೆ. ಕೆಲಸಗಾರರು ಹೊಂಡದೊಳಗೆ ಇಳಿದು ಕಾಲಿನಿಂದ ತುಳಿಯುತ್ತಾರೆ. ಕೊನೆಗೆ ಬಣ್ಣದ ಹೊಂಡ, ಆಮೇಲೆ ಮಾಳಿಗೆಗಳ ಮೇಲೆ ಒಣಹಾಕುವುದು. ಬಿಸಿಲಲ್ಲಿ, ವಾಸನೆಯಲ್ಲಿ, ಮೊಣಕಾಲವರೆಗೆ ನೀರಲ್ಲಿ ನಿಂತು ಮಾಡುವ ಕಷ್ಟದ ದುಡಿಮೆ ಅದು. ಮೂಗು ಮುಚ್ಚಿಕೊಂಡು ನಗುತ್ತಾ ಸೆಲ್ಫಿ ತೆಗೆದುಕೊಳ್ಳುವುದು ನೋಡಿದರೆ ನನಗೆ ತುಂಬಾ ಬೇಸರ ಆಗುತ್ತದೆ.

ನೋಡುವುದು ಸುತ್ತಲಿನ ಚರ್ಮದ ಅಂಗಡಿಗಳ ಮಾಳಿಗೆಯಿಂದ. ಬಾಗಿಲಲ್ಲಿ ಪುದೀನಾ ಎಸಳು ಕೊಡುತ್ತಾರೆ. ಕೆಲವರು ಹಣ ಕೇಳುತ್ತಾರೆ, ಕೆಲವರು ವ್ಯಾಪಾರ ಆಗಲಿ ಅಂತ ಕಾಯುತ್ತಾರೆ. ಕೊಳ್ಳದಿದ್ದರೆ 10, 20 ದಿರ್ಹಾಂ ಕೊಟ್ಟು ಬನ್ನಿ, ಯಾರಿಗೂ ಮುಜುಗರ ಇಲ್ಲ. ಬೆಳಗ್ಗೆ ಕೆಲಸ ಜೋರಾಗಿರುತ್ತದೆ, ವಾಸನೆ ಕಡಿಮೆ ಇರುತ್ತದೆ. ಮಧ್ಯಾಹ್ನ ಬೇಡ.

ಹಿಂದೆ ಬೀಳುವವರು, ದಾರಿ ತಪ್ಪಿದಾಗ

"ಮುಂದೆ ದಾರಿ ಮುಚ್ಚಿದೆ", "ಇವತ್ತು ಚರ್ಮದ ಹೊಂಡಕ್ಕೆ ಇದೇ ದಾರಿ" ಅಂತ ಹುಡುಗರು ಬರುತ್ತಾರೆ. ಹೆಚ್ಚು ಸಲ ದಾರಿ ಮುಚ್ಚಿರುವುದಿಲ್ಲ. ನಗುಮುಖದಲ್ಲೇ "ಲಾ, ಶುಕ್ರನ್", ಅಂದರೆ ಬೇಡ, ಧನ್ಯವಾದ ಅನ್ನಿ, ನಡಿಗೆ ನಿಲ್ಲಿಸಬೇಡಿ. ಓಣಿಯ ನಡುವೆ ನಿಂತು ಫೋನ್ ನೋಡಿದರೆ ಅವರಿಗೆ ಅದೇ ಕರೆದ ಹಾಗೆ. ದಾರಿ ಕೇಳಬೇಕಿದ್ದರೆ ಅಂಗಡಿಯೊಳಗೆ ಕೂತಿರುವವರನ್ನು, ಅದರಲ್ಲೂ ವಯಸ್ಸಾದವರನ್ನು ಕೇಳಿ. ಅಂಗಡಿ ಬಿಟ್ಟು ಅವರು ನಿಮ್ಮ ಹಿಂದೆ ಬರುವುದಿಲ್ಲ. ಬೂ ಜ್ಲೂದ್ ಬಾಗಿಲು ಎಲ್ಲಿ ಅಂತ ಕೇಳಲು "ಫೀನ್ ಬಾಬ್ ಬೂಜ್ಲೂದ್?" ಅಂದರೆ ಸಾಕು, ಕೈ ತೋರಿಸುತ್ತಾರೆ.

ದೊಡ್ಡ ಬೀದಿಗಳಲ್ಲಿ ಪ್ರವಾಸಿಗರಿಗೆ ಅಂತ ಬಣ್ಣದ ಫಲಕಗಳನ್ನು ಎತ್ತರದಲ್ಲಿ ಹಾಕಿದ್ದಾರೆ. ಒಂದೇ ಬಣ್ಣ ಹಿಡಿದು ಹೋದರೆ ಒಂದು ಸುತ್ತು. ಏನೂ ಹೊಳೆಯದಿದ್ದರೆ ಕೆಳಗಿಳಿದು ರ್ಸೀಫ್ ಚೌಕಕ್ಕೆ ಬನ್ನಿ. ಊರಿನ ನಡುವೆಯೇ ವಾಹನ ಬರುವ ಜಾಗ ಅದು, ಅಲ್ಲಿಂದ ಕೆಂಪು ಪುಟ್ಟ ಟ್ಯಾಕ್ಸಿ ಸಿಗುತ್ತದೆ. ಮೂವರಿಗಷ್ಟೇ ಜಾಗ. ಮೀಟರ್ ಹಾಕಲು ಹೇಳಿ.

ಮಾರ್ಗದರ್ಶಿ ಬೇಕೆನಿಸಿದರೆ ಮೊದಲ ದಿನ ಅರ್ಧ ದಿನಕ್ಕೆ ಸರ್ಕಾರಿ ಗುರುತುಚೀಟಿ ಇರುವವರನ್ನು ನೀವು ಉಳಿದುಕೊಂಡ ಮನೆಯವರ ಮೂಲಕ ಗೊತ್ತು ಮಾಡಿ. ಅಂಗಡಿಗಳಿಗೆ ಕರೆದೊಯ್ಯುವುದು ಬೇಡ ಅಂತ ಮೊದಲೇ ಹೇಳಿ. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗೆ ನನ್ನ ಸಲಹೆ: ಹಗಲು ಎಲ್ಲಿ ಬೇಕಾದರೂ ನಡೆಯಿರಿ, ಅಂಗಡಿ ಮುಚ್ಚಿದ ಮೇಲೆ ಮಾತ್ರ ದೊಡ್ಡ ಬೀದಿ ಬಿಟ್ಟು ಒಳಗೆ ಹೋಗಬೇಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಗಂಡಸರಿಗೂ ಹೆಂಗಸರಿಗೂ ಒಳ್ಳೆಯದು.

ಇನ್ನು ಒಂದು ಕೂಗು ನಿಮ್ಮ ಕಿವಿಗೆ ಬೀಳಲೇಬೇಕು: "ಬಾಲಕ್!" ಹಿಂದಿನಿಂದ ಹೊರೆ ಹೊತ್ತ ಹೇಸರಗತ್ತೆ ಬರುತ್ತಿದೆ ಅಂತ ಅರ್ಥ. ಕೇಳಿದ ತಕ್ಷಣ ಗೋಡೆಗೆ ಒರಗಿ ನಿಲ್ಲಿ. ತಿರುಗಿ ನೋಡುತ್ತಾ ನಿಂತರೆ ಹೊರೆ ತಾಗುತ್ತದೆ.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮಾಂಸ ತಿನ್ನದವರು ಹೆದರಬೇಕಿಲ್ಲ. ಬಿಸ್ಸಾರಾ ಅನ್ನುವುದು ಒಣ ಅವರೆ ಜಾತಿಯ ಫಾವಾ ಕಾಳನ್ನು ಬೇಯಿಸಿ ಅರೆದ ಗಟ್ಟಿ ಸಾರು, ಮೇಲೆ ಆಲಿವ್ ಎಣ್ಣೆ, ಜೀರಿಗೆ. ರೊಟ್ಟಿಯ ಜೊತೆ ಬೆಳಗ್ಗೆ ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ, ಬೆಲೆಯೂ ಕಡಿಮೆ. ಬದನೆಕಾಯಿಯ ಜಾಲೂಕ್, ಮೆಣಸಿನಕಾಯಿ ಟೊಮ್ಯಾಟೊದ ತಕ್ತೂಕಾ, ಪದರಪದರದ ಮ್ಸಮ್ಮನ್ ರೊಟ್ಟಿ, ಎಣ್ಣೆಯಲ್ಲಿ ಕರಿದ ಸ್ಫಂಜ್ ಎಲ್ಲ ಸಿಗುತ್ತವೆ. ಎಚ್ಚರ ಬೇಕಾದದ್ದು ತರಕಾರಿ ಕುಸ್‌ಕುಸ್ ಮತ್ತು ಹರೀರಾ ಸಾರಿನಲ್ಲಿ. ತರಕಾರಿ ಮಾತ್ರ ಕಂಡರೂ ಬೇಯಿಸಿದ್ದು ಮಾಂಸದ ರಸದಲ್ಲಿ ಇರಬಹುದು. "ಬ್ಲಾ ಲ್ಹಮ್, ಬ್ಲಾ ದ್ಜಾಜ್" ಅಂದರೆ ಮಾಂಸ ಬೇಡ, ಕೋಳಿ ಬೇಡ. ಸಾರು ಯಾವುದರದ್ದು ಅಂತಲೂ ಬಿಡಿಸಿ ಕೇಳಿ. ನೀವು ಉಳಿದುಕೊಂಡ ಮನೆಯಲ್ಲಿ ಹಿಂದಿನ ದಿನವೇ ಹೇಳಿದರೆ ಪ್ರತ್ಯೇಕ ಮಾಡಿಕೊಡುತ್ತಾರೆ.

ಎರಡನೇ ದಿನ: ಆಚೆ ದಡ, ಹೊಸ ಫೆಸ್, ಗುಡ್ಡ

ರ್ಸೀಫ್‌ನಿಂದ ನದಿ ದಾಟಿ ಅಂದಲೂಸಿಗಳ ದಡಕ್ಕೆ ಹತ್ತಿ. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ, ಊರಿನ ದಿನದ ಬದುಕು ನೋಡಲು ಇದೇ ಸರಿಯಾದ ಕಡೆ. ಮೇಲಿನ ಅಂದಲೂಸಿ ಮಸೀದಿಯನ್ನು ಫಾತಿಮಾಳ ತಂಗಿ ಮರ್ಯಮ್ ಕಟ್ಟಿಸಿದಳು ಅನ್ನುತ್ತಾರೆ. ಹತ್ತಿರದ ಸಹ್ರೀಜ್ ಮದ್ರಸಾದ ಅಂಗಳದಲ್ಲಿ ಉದ್ದನೆಯ ಕೊಳ ಇದೆ.

ಈ ಕಡೆ ಓಣಿಗಳಲ್ಲಿ ಎದುರುಬದುರು ಗೋಡೆಗಳ ನಡುವೆ ಮರದ ತೊಲೆ ಕೊಟ್ಟು ನಿಲ್ಲಿಸಿದ್ದು ಕಾಣುತ್ತದೆ. ಅದಕ್ಕೆ ಕಾರಣ ಇದೆ. 1912ರಲ್ಲಿ ಫ್ರೆಂಚರು ಬಂದ ಮೇಲೆ ಹಳೇ ಊರನ್ನು ಮುಟ್ಟದೆ ದೂರದಲ್ಲಿ ತಮಗಾಗಿ ಹೊಸ ಊರು ಕಟ್ಟಿದರು. ಲ್ಯೋತೆ ಅನ್ನುವ ಆಡಳಿತಗಾರನ ನೀತಿ ಅದು. ಹಳೇ ಊರು ಉಳಿಯಿತು, ಆದರೆ ಹಣ, ಅಧಿಕಾರ ಎರಡೂ ಹೊರಗೆ ಹೋದವು. ಉಳ್ಳವರು ಕಾಸಾಬ್ಲಾಂಕಾ, ರಬಾತ್ ಸೇರಿದರು. ಹಳ್ಳಿಗಳಿಂದ ಬಂದ ಬಡವರು ಒಂದೊಂದು ದೊಡ್ಡ ಮನೆಯಲ್ಲಿ ಹಲವು ಸಂಸಾರ ಹೂಡಿದರು. ದುರಸ್ತಿಗೆ ಹಣ ಇರಲಿಲ್ಲ. ಸರ್ಕಾರ ಮತ್ತು ಯುನೆಸ್ಕೊ ಬಂದ ಮೇಲೆ ಒಂದೊಂದೇ ಸರಿಹೋಗುತ್ತಿದೆ. ಈ ತೊಲೆಗಳ ಕೆಳಗೆ ನಡೆಯುವಾಗ ಆ ಮನೆಗಳಲ್ಲಿ ಜನ ಇದ್ದಾರೆ ಅನ್ನುವುದು ಮರೆಯಬಾರದು.

ಮಧ್ಯಾಹ್ನ ಟ್ಯಾಕ್ಸಿಯಲ್ಲಿ ಫೆಸ್ ಅಲ್-ಜ್ದೀದ್‌ಗೆ ಹೋಗಿ. ಹೆಸರಿಗೆ ಹೊಸ ಫೆಸ್, ಮರೀನಿದರು ಕಟ್ಟಿದ್ದು 1276ರಲ್ಲಿ. ಅದರ ಪಕ್ಕ ಮೆಲ್ಲಾಹ್, ಯಹೂದಿಗಳ ಕೇರಿ. ಇಲ್ಲಿನ ಮನೆಗಳಿಗೆ ಬೀದಿ ಕಡೆಗೆ ಮರದ ಬಾಲ್ಕನಿಗಳಿವೆ. ಬೆಳಗ್ಗೆ ನೋಡಿದ ಕುರುಡು ಗೋಡೆಗಳಿಗೆ ತದ್ವಿರುದ್ಧ. 17ನೇ ಶತಮಾನದ ಇಬ್ನ್ ದನಾನ್ ಪ್ರಾರ್ಥನಾ ಮಂದಿರವನ್ನು ದುರಸ್ತಿ ಮಾಡಿ ನೋಡಲು ತೆರೆದಿದ್ದಾರೆ. ಇಲ್ಲಿಂದ ಬೂ ಜ್ಲೂದ್ ಕಡೆಗೆ ನಡೆದು ಬರುವಾಗ ಜ್ನಾನ್ ಸ್ಬೀಲ್ ತೋಟ ಸಿಗುತ್ತದೆ, ಕಾಲು ಚಾಚಿ ಕೂರಲು ಬೆಂಚುಗಳಿವೆ.

ಸಂಜೆ ಮರೀನಿದ್ ಸಮಾಧಿಗಳ ಗುಡ್ಡದಿಂದ ಇಡೀ ಊರು ಕಾಣುತ್ತದೆ. ಎರಡು ದಿನ ನಡೆದ ಮೇಲೆ ಇಲ್ಲಿಗೆ ಬಂದರೆ ಹಸಿರು ಮಾಡಿನ ಕರವಿಯ್ಯೀನ್, ಇಳಿಜಾರು, ನದಿಯ ತಗ್ಗು ಎಲ್ಲವನ್ನೂ ಗುರುತಿಸಬಹುದು. ಅದಕ್ಕೇ ಮೊದಲ ದಿನ ಬೇಡ ಅನ್ನುವುದು. ಪಕ್ಕದಲ್ಲೇ 1582ರ ಬೊರ್ಜ್ ನೋರ್ ಕೋಟೆ ಇದೆ, ಒಳಗೆ ಆಯುಧಗಳ ಸಂಗ್ರಹ. ಟ್ಯಾಕ್ಸಿಯನ್ನು ಅಲ್ಲೇ ನಿಲ್ಲಿಸಿಕೊಳ್ಳಿ. ಕತ್ತಲಾದ ಮೇಲೆ ಆ ಗುಡ್ಡದಿಂದ ಒಂಟಿಯಾಗಿ ನಡೆದು ಇಳಿಯುವುದು ಕ್ಷೇಮವಲ್ಲ.

ಕೊಳ್ಳುವುದಿದ್ದರೆ

ಎರಡನೇ ದಿನದವರೆಗೆ ಏನೂ ಕೊಳ್ಳಬೇಡಿ. ಮೊದಲ ದಿನ ಬೆಲೆ ಕೇಳಿ, ಕೆಲಸ ನೋಡಿ. "ಬ್‌ಶ್‌ಹಾಲ್?" ಅಂದರೆ ಎಷ್ಟು. ಟೀ ಕುಡಿಸಿದರೆ ಕೊಳ್ಳಲೇಬೇಕು ಅಂತೇನಿಲ್ಲ, ಆದರೆ ಬೆಲೆ ಕುದುರಿದ ಮೇಲೆ ಬೇಡ ಅನ್ನುವುದು ಸರಿಯಲ್ಲ. ಆದಷ್ಟು ಕೆಲಸ ಮಾಡುವ ಕೈಯಿಂದಲೇ ಕೊಳ್ಳಿ: ಸಫ್ಫಾರೀನ್‌ನಲ್ಲಿ ತಾಮ್ರದ ಪಾತ್ರೆ, ಚಪ್ಪಲಿ ಸಾಲಿನಲ್ಲಿ ಬಲ್ಗಾ ಅನ್ನುವ ಚರ್ಮದ ಚಪ್ಪಲಿ. ಬಲ್ಗಾದ ಅಟ್ಟೆ ಹೊಲಿದದ್ದೋ ಅಂಟಿಸಿದ್ದೋ ಬಾಗಿಸಿ ನೋಡಿ. ಫೆಸ್‌ನ ನೀಲಿ ಮಣ್ಣಿನ ಪಾತ್ರೆ ಬೇಕಿದ್ದರೆ ಗೋಡೆಯ ಆಚೆ ಅಯ್ನ್ ನುಕ್ಬಿಯ ಕುಂಬಾರರ ಹತ್ತಿರ ಹೋಗಿ. ಅಲಂಕಾರಕ್ಕೆ ಮಾಡಿದ ಪಾತ್ರೆಯ ಮೆರುಗಿನಲ್ಲಿ ಸೀಸ ಇರಬಹುದು, ಊಟಕ್ಕೆ ಬಳಸುವುದಾದರೆ ಕೇಳಿಯೇ ತೆಗೆದುಕೊಳ್ಳಿ. ಹೊಸ ಚರ್ಮದ ಚೀಲಕ್ಕೆ ವಾಸನೆ ಇರುತ್ತದೆ. ಊರಿಗೆ ಬಂದ ಮೇಲೆ ನೆರಳಲ್ಲಿ ಗಾಳಿಗೆ ತೂಗುಹಾಕಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ.